ಹನ್ನೊಂದು ಗಂಟೆಗೆ ಹೋಗುವ ನೆಟ್

ಶೂ ಕಪಾಟಿನ ಬಾಗಿಲು ತೆಗೆದಾಗ ಬಂದ ನಾತಕ್ಕೆ ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡರೆ ಒಂದು ಕೈ ಹೋದ ಹಾಗೆ. ಈ ಕೆಲಸಕ್ಕೆ ಎರಡೂ ಕೈ ಬೇಕಿತ್ತು. ಮೇಲಿನ ಅರೆಯಲ್ಲಿ ಗಂಡನ ಕಪ್ಪು ಬೂಟು, ಕಂದು ಬೂಟು, ಬೆವರು ಒಣಗಿ ರಟ್ಟಿನಂತಾದ ಕಾಲುಚೀಲಗಳು. ಅವುಗಳ ಹಿಂದೆ ಗೋಡೆಗೆ ಆತುಕೊಂಡು ಮನೆಯ ನೆಟ್ ಡಬ್ಬಿ. ಬಂದವರ ಕಣ್ಣಿಗೆ ವೈರು ಕಾಣಬಾರದು ಎಂದು ಅದನ್ನು ಅಲ್ಲಿಡಿಸಿದವನು ಗಂಡ. ಬಂದವರ ಕಣ್ಣಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ಡಬ್ಬಿಯನ್ನು ಎತ್ತಿ ಹಳೆಯ ಪತ್ರಿಕೆಯ ಮೇಲೆ ಒಮ್ಮೆ ಕುಟ್ಟಿದಳು. ಗಾಳಿಯಾಡಲೆಂದು ಬಿಟ್ಟ ಸಣ್ಣ ಕಿಂಡಿಗಳಿಂದ ಜಿರಲೆಗಳು ಉದುರಿದವು. ಒಂದೆರಡಲ್ಲ. ಡಬ್ಬಿಯ ಬೆಚ್ಚನೆಯ ಹೊಟ್ಟೆಯೊಳಗೆ ಮೊಮ್ಮಕ್ಕಳವರೆಗೂ ಸಂಸಾರ ಹೂಡಿದ್ದವು. ದೊಡ್ಡವು ಬೂಟುಗಳೊಳಗೆ ಓಡಿದವು. ಎಳ್ಳಿನ ಗಾತ್ರದ ಮರಿಗಳಿಗೆ ದಾರಿ ತಿಳಿಯದೆ ಅವಳ ಮುಂಗೈ ಹತ್ತಿದವು. ಅಸಹ್ಯಕ್ಕೆ ಅವಳು ಮುಂಗೈ ಕೊಡವಿದಳು. ಆದರೂ ಡಬ್ಬಿಯನ್ನು ಕೈಬಿಡಲಿಲ್ಲ.

"ಏನೇ ಅದು, ದೀಪ ಹಚ್ಚೋ ಹೊತ್ತಲ್ಲಿ ಕಪಾಟು ಕೆದಕ್ತಾ ಕೂತಿದೀಯ?" ಸೋಫಾದಿಂದ ಗಂಡ ಕೇಳಿದ.

"ಜಿರಲೆ."

"ಜಿರಲೆ ಎಲ್ಲರ ಮನೇಲೂ ಇರತ್ತೆ."

"ಎಲ್ಲರ ಮನೇಲೂ ನೆಟ್ ಡಬ್ಬಿ ಒಳಗೆ ಬಾಣಂತನ ಮಾಡಲ್ಲ."

ಗಂಡ ಟಿವಿಯ ಸದ್ದು ಒಂದು ಮೆಟ್ಟಿಲು ಏರಿಸಿದ. ಟಿವಿ ಯಾವತ್ತೂ ನಿಲ್ಲುತ್ತಿರಲಿಲ್ಲ, ಅದೇ ಅವಳಿಗೆ ಸೋಜಿಗ. ಸಿನಿಮಾ ಬರುತ್ತಿತ್ತು, ಹಾಡು ಬರುತ್ತಿತ್ತು. ಅವಳ ಕೆಲಸದ ಹೊತ್ತಿಗೆ, ಬೆಳಿಗ್ಗೆ ಹನ್ನೊಂದು ದಾಟುತ್ತಿದ್ದಂತೆ, ಅವಳ ನೆಟ್ ಮಾತ್ರ ಗಂಟಲಿಗೆ ಮುಳ್ಳು ಸಿಕ್ಕವರಂತೆ ಸಿಕ್ಕಿಕೊಳ್ಳುತ್ತಿತ್ತು.

ಅವಳ ಕೆಲಸ ಟೈಪಿಂಗ್. ಇಪ್ಪತ್ತೆರಡು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೇ ಕುಟ್ಟಿದವಳು. ಅಲ್ಲಿನ ಜವಾನರಿಂದ ಹಿಡಿದು ವಕೀಲರವರೆಗೆ ಎಲ್ಲರಿಗೂ ಅವಳು 'ಟೈಪಮ್ಮ'. ಅಲ್ಲಿನ ಟೈಪಿಂಗ್ ವಿಭಾಗ ಮುಚ್ಚಿದ ಮೇಲೆ, ಕಿವಿ ಕೇಳಿಸದ ವಿದ್ಯಾರ್ಥಿಗಳಿಗೆ ಪಾಠ ಬರೆದು ತೋರಿಸುವ ಸಂಸ್ಥೆಯೊಂದು ಅವಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಕಾಲೇಜಿನಲ್ಲಿ ಮೇಷ್ಟ್ರು ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಮಾತಾಡುತ್ತಾರೆ. ಆ ಮಾತು ನೆಟ್ಟಿನಲ್ಲಿ ಅವಳ ಕಿವಿಗೆ ಬರುತ್ತದೆ. ಅವಳು ಟೈಪು ಮಾಡಿದ್ದು ತರಗತಿಯ ಮುಂದಿನ ಬೆಂಚಿನಲ್ಲಿ ಕೂತ ಒಬ್ಬ ಹುಡುಗಿಯ ಪರದೆಯ ಮೇಲೆ ಆ ಕ್ಷಣವೇ ಮೂಡುತ್ತದೆ. ಔಷಧಗಳ ಬಗ್ಗೆ ಓದುತ್ತಿದ್ದ ಆ ಹುಡುಗಿಗೆ ಇದು ಕೊನೆಯ ವರ್ಷ. ಇಬ್ಬರೂ ಮುಖ ನೋಡಿದವರಲ್ಲ. ಆದರೆ ಎರಡು ವರ್ಷದಿಂದ, ವಾರಕ್ಕೆರಡು ದಿನ, ಆ ಹುಡುಗಿಗೆ ಲೋಕ ಕೇಳಿಸುತ್ತಿದ್ದದ್ದು ಇವಳ ಬೆರಳಿನಿಂದ.

ಆ ಬೆಳಿಗ್ಗೆ ಮೇಷ್ಟ್ರು, "ಇದೇ ಔಷಧ ಮಕ್ಕಳಿಗೆ ಕೊಡುವಾಗ ಮಾತ್ರ" ಎಂದಿದ್ದರು. ಅಲ್ಲಿಗೆ ಸಂಪರ್ಕ ಕಡಿದು ಹೋಯಿತು. ಮತ್ತೆ ಹತ್ತುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಮೇಷ್ಟ್ರು ಬೇರೆ ಔಷಧಕ್ಕೆ ದಾಟಿದ್ದರು. ಪಾಠ ಮುಗಿದ ಮೇಲೆ ಹುಡುಗಿ ಬರೆದಳು: "ಮಕ್ಕಳಿಗೆ ಕೊಡುವಾಗ ಏನು?" ಮಧ್ಯಾಹ್ನ ಸಂಸ್ಥೆಯ ಮೇಲ್ವಿಚಾರಕಿಯ ಪತ್ರ ಬಂತು. ಒಂದೇ ತಿಂಗಳಲ್ಲಿ ಎರಡು ಸಲ ಹೀಗಾಗಿದೆ, ಮೂರನೆಯ ಸಲವಾದರೆ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ, ಗುರುವಾರ ಪರೀಕ್ಷೆಗೆ ಮೊದಲಿನ ಕೊನೆಯ ಪಾಠ ಎಂಬುದು ನಿಮಗೆ ಗೊತ್ತೇ ಇದೆ. ಕೆಳಗೆ 'ವಿಶ್ವಾಸದಿಂದ' ಎಂದಿತ್ತು.

ಆವತ್ತು ಮಂಗಳವಾರ.

ಜಿರಲೆ ಕೊಡವಿ, ಡಬ್ಬಿಯನ್ನು ಒಣ ಬ್ರಶ್ಶಿನಿಂದ ಉಜ್ಜಿ, ಕಿಂಡಿಗಳಿಗೆ ಅಂಟಿದ ಕಂದು ಹೊಲಸನ್ನು ಹಲ್ಲುಕಡ್ಡಿಯಲ್ಲಿ ಕೆದಕಿ ತೆಗೆದಳು. ಆಮೇಲೆ ಮನೆಯ ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಕಿತ್ತು ಪರೀಕ್ಷಿಸಿದಳು. ಫ್ರಿಜ್ಜು, ಮಿಕ್ಸಿ, ಟಿವಿ. ಕರೆಂಟಿನ ವಸ್ತುಗಳು ಸಂಪರ್ಕಕ್ಕೆ ಅಡ್ಡ ಬರುತ್ತವೆ ಎಂದು ಎಲ್ಲೋ ಓದಿದ್ದಳು. ಹಿಂದಿನ ಜಗಲಿಯ ಪ್ಲಗ್ಗಿನಲ್ಲಿದ್ದ ಬಿಳಿಯ ಸೊಳ್ಳೆ ಯಂತ್ರವೊಂದನ್ನು ಮಾತ್ರ ಮುಟ್ಟಲಿಲ್ಲ. ಎರಡು ತಿಂಗಳ ಹಿಂದೆ ಗಂಡ ಅದನ್ನು ತಂದು ಸಿಕ್ಕಿಸಿ, "ಇದು ಸದ್ದಿಲ್ಲದೆ ಸೊಳ್ಳೆ ಓಡಿಸತ್ತೆ, ಆರಿಸಬೇಡ" ಎಂದಿದ್ದ. ಸೊಳ್ಳೆ ಒಂದೂ ಕಡಿಮೆಯಾಗಿರಲಿಲ್ಲ. ಹೇಳಿದರೆ, "ಅದಕ್ಕೆ ಟೈಮ್ ಬೇಕು" ಎನ್ನುತ್ತಿದ್ದ. ಅವಳು ದಿನಾ ಅದರ ಧೂಳು ಒರೆಸುತ್ತಿದ್ದಳು.

ಬುಧವಾರ ಪಾಠವಿರಲಿಲ್ಲ. ಬಟ್ಟೆ ಒಗೆದು, ಹತ್ತೂವರೆಗೆ ಹಿತ್ತಿಲ ಹಗ್ಗದ ಮೇಲೆ ಹರವಿ ಬಂದು, ವೇಗ ಅಳೆಯುವ ಪುಟ ತೆರೆದು ಕೂತಳು. ಹನ್ನೊಂದರವರೆಗೆ ಎಲ್ಲ ಸರಿ. ಗಾಳಿ ಎದ್ದು ಕಿಟಕಿಯ ಪರದೆ ಹಾರತೊಡಗಿದ ಹೊತ್ತಿಗೆ ಕಳಿಸುವ ವೇಗದ ಮುಳ್ಳು ಮಲಗಿತು. ಕೆಳಗೆ ಬರುವುದು ಸರಾಗವಾಗಿ ಬರುತ್ತಿತ್ತು. ಇವಳ ಕಡೆಯಿಂದ ಮೇಲೆ ಹೋಗಬೇಕಾದದ್ದು ಮಾತ್ರ ಹೋಗುತ್ತಲೇ ಇರಲಿಲ್ಲ. ಟಿವಿ ಯಾಕೆ ನಿಲ್ಲುವುದಿಲ್ಲ ಎಂಬುದು ಆಗ ಹೊಳೆಯಿತು. ಅದಕ್ಕೆ ಬರುವುದಷ್ಟೇ ಬೇಕು, ಕಳಿಸುವುದೇನೂ ಇಲ್ಲ.

ನೆಟ್ ಹೋದ ತಾರೀಕುಗಳನ್ನು ಬರೆದಿಟ್ಟಿದ್ದ ಚೀಟಿ ತೆಗೆದು ನೋಡಿದಳು. ಕಳೆದ ತಿಂಗಳು ಮಳೆ ಬಂದ ಮೂರು ದಿನ ನೆಟ್ಟಿಗೆ ಏನೂ ಆಗಿರಲಿಲ್ಲ. ಮಳೆ ಬಂದರೆ ಹಾಳಾಗುವುದು ಎಲ್ಲರ ಮನೆಯ ನೆಟ್ಟಿನ ಸ್ವಭಾವ. ಇವರದು ಬಿಸಿಲಿಗೆ ಹಾಳಾಗುತ್ತಿತ್ತು.

ಕಂಪನಿಗೆ ಫೋನ್ ಮಾಡಿದಳು. ಹಾಡು ಕೇಳಿಸಿ, ಗುಂಡಿ ಒತ್ತಿಸಿ, ಮತ್ತೆ ಹಾಡು ಕೇಳಿಸಿ, ಕೊನೆಗೊಂದು ಹೆಣ್ಣುದನಿ ಬಂತು.

"ಖಾತೆದಾರರು ನೀವೇನಾ ಮೇಡಂ?"

"ಅವರ ಹೆಂಡ್ತಿ."

"ಖಾತೆದಾರರನ್ನ ಲೈನಿಗೆ ಕರೀರಿ."

"ತೊಂದರೆ ಇರೋದು ನಂಗೆ. ಅವರಿಗೇನೂ ತೊಂದರೆ ಇಲ್ಲ."

"ತೊಂದರೆ ಇಲ್ಲ ಅಂದ್ರೆ ದೂರು ಹೇಗೆ ತಗೊಳ್ಳಲಿ ಮೇಡಂ?"

ಆ ಹೆಣ್ಣುಮಗಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳ ಮುಂದಿದ್ದ ಕಾಗದದಲ್ಲಿ ಹಾಗೇ ಬರೆದಿರಬೇಕು. ಇವಳು ಗಂಡನನ್ನು ಕರೆದಳು. ಅವನು ಫೋನ್ ತೆಗೆದುಕೊಂಡು, ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಮಾತಾಡಿದ ದನಿಯಲ್ಲಿ, "ಹೌದಮ್ಮ, ಸ್ವಲ್ಪ ಹೀಗೆ ಆಗ್ತಿದೆ. ಅರ್ಜೆಂಟೇನಿಲ್ಲ" ಎಂದ.

"ಅರ್ಜೆಂಟ್ ಇದೆ," ಎಂದಳು ಅವಳು, ಪಕ್ಕದಿಂದ.

"ನಾಳೆ ಬೆಳಿಗ್ಗೆ ಬರಲಿ," ಎಂದು ಅವನು ಫೋನಿಗೆ ನಕ್ಕ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳ ಅಮ್ಮ ಅಳಿಯನ ಬಗ್ಗೆ ಮದುವೆಯಾದ ವರ್ಷವೇ ಹೇಳಿದ್ದಳು. ಆಗ ಅಮ್ಮನ ಮೇಲೆ ಕೋಪ ಬಂದಿತ್ತು.

ರಿಪೇರಿಯವನು ಈಗಾಗಲೇ ಮೂರು ಸಲ ಬಂದು ಹೋಗಿದ್ದ. ಮೂರೂ ಸಲ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತ ಹೊತ್ತು. ಹೊರಗೆ ಬರುವಷ್ಟರಲ್ಲಿ ಹಜಾರದಲ್ಲಿ ಎರಡು ಖಾಲಿ ಲೋಟ, ಗಂಡನ ಫೋನಿನಲ್ಲಿ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶ. ಕೆಲಸ ಮುಗಿಯಿತು ಎಂದು ತೋರಿಸಲು ಅವರಿಗೆ ಖಾತೆದಾರರ ಫೋನಿಗೆ ಬರುವ ಓಟಿಪಿ ಬೇಕು. ಅದನ್ನು ಹೇಳಿ, ಐದು ನಕ್ಷತ್ರವನ್ನೂ ಒತ್ತಿ ಕಳಿಸಿದವನು ಗಂಡ. "ಪಾಪದವನು, ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು" ಎಂದಿದ್ದ.

ಗುರುವಾರ ಒಂಬತ್ತೂಕಾಲಿಗೆ ರಿಪೇರಿಯವನು ಬಂದಾಗ ಗಂಡ ಕ್ಷೌರಕ್ಕೆ ಹೋಗಿದ್ದ. ಬಾಗಿಲು ತೆಗೆದವಳು ಅವಳು. ನಲವತ್ತು ದಾಟಿದ, ಕುತ್ತಿಗೆ ಕಾಣದ ಮನುಷ್ಯ. ಭುಜದ ಮೇಲೆ ಏಣಿ, ಕಣ್ಣಲ್ಲಿ ನಿದ್ದೆ. ಕಪಾಟಿನ ಎದುರು ಕೂತು ಡಬ್ಬಿ ಮುಟ್ಟಿ, "ಅಬ್ಬ, ಇವತ್ತು ಜಿರಲೆ ಇಲ್ಲ" ಎಂದ.

"ನೀವು ನೋಡಿದ್ರಾ?"

"ನೋಡದೆ ಏನು. ಒಂದು ನನ್ನ ತೋಳೊಳಗೇ ಹೋಗಿತ್ತು. ಸಾರ್ ಇಲ್ವಾ?"

"ಇಲ್ಲ. ನಂಗೇ ಹೇಳಿ. ಹನ್ನೊಂದು ಗಂಟೆಗೆ ಸರಿಯಾಗಿ ಯಾಕೆ ಹೋಗತ್ತೆ?"

ಅವನು ಅವಳನ್ನೊಮ್ಮೆ, ಹೊರಬಾಗಿಲನ್ನೊಮ್ಮೆ ನೋಡಿದ. ಅಡ್ಡಗೋಡೆಯ ಮೇಲೆ ದೀಪವಿಡುವವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಟಕಟೆಯಲ್ಲಿ ಅಂಥ ಎಷ್ಟೋ ಮಂದಿಯನ್ನು ನೋಡಿದ್ದಳು.

"ಸಾರ್ ಹತ್ರ ಹೇಳಿದ್ನಲ್ಲ ಮೇಡಂ. ಮೊದಲನೇ ಸಲಾನೇ ಹೇಳಿದೀನಿ."

"ಏನು ಹೇಳಿದ್ರಿ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕೆಲಸ ಇದು ಅಂತ ಹೇಳಿದೆ. ಲೈನಲ್ಲಿ ಏನೂ ಇಲ್ಲ. ಪಕ್ಕದ ಮನೆ ಕ್ಯಾಮೆರಾ ತೆಗೀರಿ ಅಂತ ಮೂರು ಸಲಾನೂ ಹೇಳಿದೀನಿ. ನೋಡ್ತೀನಪ್ಪ, ಮನೆಯವಳಿಗೆ ಹೇಳಬೇಡ, ಸುಮ್ನೆ ಗಾಬರಿ ಆಗ್ತಾಳೆ ಅಂದ್ರು."

ಪಕ್ಕದ ಮನೆ ಎಂದರೆ ಭಾವನ ಮನೆ. ಗಂಡನ ಅಣ್ಣ. ಎರಡು ಮನೆಗೂ ಒಂದೇ ಕಾಂಪೌಂಡು ಗೋಡೆ. ಎರಡು ತಿಂಗಳ ಹಿಂದೆ ಭಾವ ಮನೆಯ ಸುತ್ತ ಕ್ಯಾಮೆರಾ ಹಾಕಿಸಿದ್ದು ಅವಳಿಗೂ ಗೊತ್ತಿತ್ತು. ಬೀದಿಯವರೆಲ್ಲರಿಗೂ ಗೊತ್ತಿತ್ತು, ಗೊತ್ತಾಗಲಿ ಎಂದೇ ಹಾಕಿಸಿದ್ದು. ಗೊತ್ತಿರದಿದ್ದದ್ದು, ಅವು ಉಣ್ಣುತ್ತಿದ್ದದ್ದು ಇವಳ ತಟ್ಟೆಯಿಂದ ಎಂಬುದು.

ರಿಪೇರಿಯವನು ತನ್ನ ಫೋನನ್ನು ಡಬ್ಬಿಗೆ ಜೋಡಿಸಿ ಪಟ್ಟಿ ತೋರಿಸಿದ. ಮನೆಯ ನೆಟ್ ಬಳಸುವವರ ಪಟ್ಟಿ. ಗಂಡನ ಟ್ಯಾಬ್ಲೆಟ್, ಟಿವಿ, ಅವಳ ಕಂಪ್ಯೂಟರು. ಅದರ ಕೆಳಗೆ ಆರು ಸಾಲು: ಗೇಟು, ಬೀದಿ, ಕಾರು, ಮೆಟ್ಟಿಲು, ಹಿಂದೆ ಒಂದು, ಹಿಂದೆ ಎರಡು.

"ಇವೆಲ್ಲ ಹೇಗೆ ಇಲ್ಲಿಗೆ ಹತ್ತಿಕೊಂಡವು? ಅಷ್ಟು ದೂರ ನೆಟ್ ಹೋಗತ್ತಾ?"

"ಹಿಂದುಗಡೆ ಬಿಳೀ ಡಬ್ಬಿ ಹಾಕಿದಾರಲ್ಲ ಸಾರ್, ಅದು ಎಳೆದು ಆಚೆ ಮನೆಗೆ ಕೊಡತ್ತೆ."

ಅವಳು ಎದ್ದು ಜಗಲಿಗೆ ಹೋಗಿ ಸೊಳ್ಳೆ ಯಂತ್ರವನ್ನು ಕಿತ್ತು ತಂದಳು. ಅವನು ತಿರುಗಿಸಿ ನೋಡಿ, "ಹ್ಞಾ, ಇದೇ" ಎಂದ. ಎರಡು ತಿಂಗಳು ಅವಳು ಅದರ ಧೂಳು ಒರೆಸಿದ್ದಳು, ಆರಿಸದೆ ಕಾಪಾಡಿದ್ದಳು. ಒಮ್ಮೆ ಒದ್ದೆ ಬಟ್ಟೆ ತಾಗೀತು ಎಂದು ಪ್ಲಾಸ್ಟಿಕ್ ಕವರು ಕೂಡ ತೊಡಿಸಿದ್ದಳು.

"ಹನ್ನೊಂದು ಗಂಟೆ ಯಾಕೆ?" ಎಂದು ಮತ್ತೆ ಕೇಳಿದಳು. ಪೂರ್ತಿ ಉತ್ತರ ಬರುವವರೆಗೆ ಬಿಡಬಾರದು ಎಂಬುದು ಹಳೆಯ ಕೆಲಸದ ಚಾಳಿ.

"ಈ ಕ್ಯಾಮೆರಾಗಳು ಸುಮ್ನೆ ಇರ್ತಾವೆ ಮೇಡಂ. ಎದುರಿಗೆ ಏನಾದ್ರೂ ಅಲ್ಲಾಡಿದ್ರೆ ಮಾತ್ರ ಚಿತ್ರ ತೆಗೆದು ಮೇಲೆ ಕಳಿಸ್ತಾವೆ. ಅಲ್ಲಾಡ್ತಾನೇ ಇದ್ರೆ ಕಳಿಸ್ತಾನೇ ಇರ್ತಾವೆ. ನಿಮಗೆ ದಾರಿ ಸಿಗಲ್ಲ. ಹಿಂದಿನವು ಎರಡಕ್ಕೂ ಹನ್ನೊಂದರಿಂದ ಒಂದು ಗಂಟೆ ತನಕ ಸಿಕ್ಕಾಪಟ್ಟೆ ಕೆಲಸ. ಅಲ್ಲಿ ಏನಿದೆಯೋ ನಂಗೊತ್ತಿಲ್ಲ."

ಅವಳಿಗೆ ಗೊತ್ತಿತ್ತು. ಹತ್ತೂವರೆಗೆ ಅವಳು ಹರವಿದ ಬಟ್ಟೆ. ಹನ್ನೊಂದಕ್ಕೆ ಏಳುವ ಗಾಳಿ. ಮಳೆ ದಿನ ಹಗ್ಗ ಖಾಲಿ. ಅವಳ ಲಂಗ, ಅವಳ ಒಳಬಟ್ಟೆ ಗಾಳಿಗೆ ಅಲ್ಲಾಡಿದಷ್ಟೂ ಹೊತ್ತು ಭಾವನ ಗೋಡೆಯ ಮೇಲಿನ ಕಣ್ಣುಗಳು ಅವನ್ನು ಬಿಡದೆ ಚಿತ್ರ ತೆಗೆದು, ಅವಳದೇ ದಾರಿಯಲ್ಲಿ ತುಂಬಿ ಕಳಿಸುತ್ತಿದ್ದವು. ಅದಕ್ಕೆ ಸಿಕ್ಕಿ ಮಕ್ಕಳಿಗೆ ಕೊಡುವ ಔಷಧದ ಅಳತೆ ನಿಂತು ಹೋಗಿತ್ತು.

ಸೋಫಾದ ಮೇಲೆ ಗಂಡ ಬಿಟ್ಟುಹೋದ ಟ್ಯಾಬ್ಲೆಟ್ ಇತ್ತು. ಇಷ್ಟು ವರ್ಷ ಅವನ ವಸ್ತು ಮುಟ್ಟಿದವಳಲ್ಲ. ತೆರೆದಳು. ಕ್ಯಾಮೆರಾಗಳು ಕೊನೆಗೆ ಕಳಿಸಿದ ಚಿತ್ರಗಳ ಆರು ಚೌಕ ಮೂಡಿದವು. ಐದನೆಯದರಲ್ಲಿ ಅವಳ ಹಿತ್ತಿಲ ಹಗ್ಗ. ಆರನೆಯದರಲ್ಲಿ ಅವಳ ಹಿಂಬಾಗಿಲ ಮೆಟ್ಟಿಲು. ಒತ್ತಿದರೆ ಹಳೆಯವೂ ಬಂದವು. ಮೊನ್ನೆಯ ಮಂಗಳವಾರ, ಒಂದು ಗಂಟೆ ಎಂಟು ನಿಮಿಷ: ಪಾಠ ಮುಗಿಸಿ ಬಂದ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂರುತ್ತಾಳೆ. ಸೆಖೆಗೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕುತ್ತಿಗೆಯೊಳಗೆ ಪುಸ್ತಕದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಾಳೆ. ಕಾಲು ಚಾಚಿ ಮೀನಖಂಡ ಒತ್ತಿಕೊಳ್ಳುತ್ತಾಳೆ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ತುಂಬ ಹೊತ್ತು ಹಾಗೇ ಇರುತ್ತಾಳೆ. ದಿನವಿಡೀ ತನ್ನದೆಂದು ಅವಳಿಗಿದ್ದದ್ದು ಆ ಹತ್ತು ನಿಮಿಷ, ಆ ಮೂರು ಮೆಟ್ಟಿಲು.

ತಿಂಗಳ ಹಿಂದೆ ಭಾವ ಗೋಡೆಯಾಚೆಯಿಂದ, "ಏನಮ್ಮ ಟೈಪಮ್ಮ, ನಿನ್ನೆ ಕೂತಲ್ಲೇ ಒಬ್ಬಳೇ ನಗ್ತಿದ್ದೆ?" ಎಂದು ಕೇಳಿದ್ದ. ಭಾವನ ಕಣ್ಣು ಚುರುಕು ಎಂದುಕೊಂಡಿದ್ದಳು ಅಷ್ಟೆ.

ಜಿರಲೆ ಮರಿ ಮುಂಗೈ ಹತ್ತಿದಾಗ ಆದ ಅಸಹ್ಯ ಈಗ ಮೈಯಿಡೀ ಹತ್ತಿತು. ಅದನ್ನು ಕೊಡವಬಹುದಿತ್ತು.

"ಪಾಸ್‌ವರ್ಡ್ ಬದಲಾಯಿಸಿ ಕೊಡಿ," ಎಂದಳು ರಿಪೇರಿಯವನಿಗೆ.

"ಸಾರ್ ಬೈತಾರೆ."

"ಬದಲಾಯಿಸೋದು ಹೇಗೆ ಅಂತ ತೋರಿಸಿ. ಕೈ ನಂದೇ ಇರಲಿ."

ಅವನು ತೋರಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು, ಓಟಿಪಿ ಸಾರ್ ಫೋನಿಗೆ ಬಂದಿರತ್ತೆ, ಕೇಳಿ ಇಸ್ಕೋತೀನಿ ಎಂದ. ಆಮೇಲೆ, "ಮೂರು ಸಲ ಐದು ಸ್ಟಾರ್ ತಗೊಂಡಿದೀನಿ ಮೇಡಂ, ರಿಪೇರಿ ಮಾಡದೇನೇ. ಮನೇಲಿ ಹೇಳಿಕೊಳ್ಳೋಕೂ ನಾಚಿಕೆ" ಎಂದು ಏಣಿ ಎತ್ತಿಕೊಂಡ.

ಗಂಡ ಹತ್ತೂಕಾಲಿಗೆ ಬಂದ. ಕಿವಿಯ ಹಿಂದೆ ಕತ್ತರಿಸಿದ ಕೂದಲು, ಮೈಯಿಂದ ಕ್ಷೌರದಂಗಡಿಯ ಪೌಡರಿನ ವಾಸನೆ. ಮೇಜಿನ ಮೇಲೆ ಬಿಳಿಯ ಡಬ್ಬಿ, ಅದರ ಪಕ್ಕ ಟ್ಯಾಬ್ಲೆಟ್. ಅವನು ಎರಡನ್ನೂ ನೋಡಿ ಕನ್ನಡಿಯ ಕಡೆ ತಿರುಗಿದ.

"ಸೊಳ್ಳೆ ಎಲ್ಲ ಓಡಿಹೋದ್ವು," ಎಂದಳು ಅವಳು.

"ಹೇಳೋಣ ಅಂತಾನೇ ಇದ್ದೆ."

"ಯಾವಾಗ? ನನ್ನ ಹೆಸರು ಪಟ್ಟಿಯಿಂದ ತೆಗೆದ ಮೇಲಾ?"

"ಅಣ್ಣ ಕೇಳಿದ. ಒಂದೇ ಗೋಡೆ, ಎರಡು ಕನೆಕ್ಷನ್ ಯಾಕೆ ಅಂದ. ಹುಟ್ಟಿದಾಗಿಂದ ಅವನಿಗೆ ಇಲ್ಲ ಅಂದವನಲ್ಲ ನಾನು. ನೆಟ್ ಏನು ನೀರಾ, ಖರ್ಚಾಗಿ ಹೋಗೋಕೆ ಅಂದ್ಕೊಂಡೆ."

"ಮೂರು ಸಲ ಹೇಳಿದನಂತೆ ರಿಪೇರಿಯವನು, ಖರ್ಚಾಗ್ತಿದೆ ಅಂತ."

ಅವನು ಕಿವಿಯ ಹಿಂದಿನ ಕೂದಲು ಕೊಡವಿಕೊಂಡ.

"ಹಿತ್ತಿಲ ಮೆಟ್ಟಿಲು ಕಾಣತ್ತೆ ಅಂತಾನೂ ನಿಮಗೆ ಗೊತ್ತಿತ್ತು."

"ಕೆಟ್ಟದಾಗಿ ಏನೂ ನೋಡಿಲ್ಲ ಕಣೇ. ನೀನು ಹೊರಗೆ ಬಂದು ಕೂತ್ರೆ ಪಾಠ ಮುಗೀತು ಅಂತ ಗೊತ್ತಾಗ್ತಿತ್ತು. ಬಾಗಿಲು ತಟ್ಟಿ ನಿಂಗೆ ತೊಂದರೆ ಕೊಡೋದು ಬೇಡ ಅಂತ. ಊಟಕ್ಕೆ ಕರಿಯೋಕೆ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಸಹಿಸಲಾಗದ್ದು. ಆ ಹದ್ದುಗಣ್ಣಿನ ಭಾವನ ಮೇಲೆ ಕೋಪ ಮಾಡಬಹುದಿತ್ತು. ಇವನ ಮೇಲೆ ಬಂದದ್ದು ಕೋಪವಲ್ಲ. ತಟ್ಟೆಯಲ್ಲಿ ಕೂದಲು ಕಂಡಾಗ ತುತ್ತು ಹಿಂದಕ್ಕೆ ಬರುತ್ತದಲ್ಲ, ಅದು. ಮಂಗಳವಾರ ಅವಳು ಮುಖ ಮುಚ್ಚಿಕೊಂಡು ಕೂತದ್ದನ್ನು ಈ ಮನುಷ್ಯ ಸೋಫಾದಲ್ಲಿ ಕೂತು ನೋಡಿದ್ದ. ಕಾರಣ ತಾನೇ ಎಂಬುದು ಗೊತ್ತಿತ್ತು. ನೋಡಿ, ಊಟಕ್ಕೆ ಕರೆದಿದ್ದ. ಅಣ್ಣನ ಎದುರು ಅರ್ಧ ನಿಮಿಷ ಮುಜುಗರ ಪಡುವುದಕ್ಕಿಂತ ಹೆಂಡತಿಯ ಕೆಲಸ ಹೋಗುವುದು ಅವನಿಗೆ ಹಗುರವಾಗಿತ್ತು. ಅವಳು ಅವನ ಜೊತೆ ಇಪ್ಪತ್ತಾರು ವರ್ಷ ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಂಡಿದ್ದಳು.

ಅವನ ಫೋನ್ ಹೊಡೆದುಕೊಂಡಿತು. ಅಣ್ಣ. "ಹ್ಞೂಂ ಅಣ್ಣ. ಹೌದಾ? ಎಲ್ಲಾನೂ ಕಪ್ಪಗಾಗಿದೆಯಾ? ನೋಡ್ತೀನಿ. ನಮ್ಮ ಕಡೆ ಏನೂ ಮಾಡಿಲ್ಲ." ಫೋನ್ ಇಟ್ಟು, ದನಿ ತಗ್ಗಿಸಿ, "ಹೊಸ ಪಾಸ್‌ವರ್ಡ್ ಏನು?" ಎಂದ.

"ಹೇಳಲ್ಲ."

"ಒಂದೇ ದಿನ. ಸಂಜೆ ನಾನೇ ನಿಧಾನಕ್ಕೆ ಹೇಳ್ತೀನಿ ಅವನಿಗೆ."

"ಹನ್ನೊಂದಕ್ಕೆ ಪಾಠ ಇದೆ."

"ಹಾಗಾದ್ರೆ ಡಬ್ಬೀನ ಒಂದ್ಸಲ ಹಳೇ ಥರ ಮಾಡಿಬಿಡ್ತೀನಿ. ಹಿಂದುಗಡೆ ಸಣ್ಣ ತೂತು ಇದೆ, ಪಿನ್ ಚುಚ್ಚಿದ್ರೆ ಆಯ್ತು, ರಿಪೇರಿಯವನು ತೋರಿಸಿದಾನೆ." ಅವನು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ, ಒಳ್ಳೆಯ ಉಪಾಯ ಹೊಳೆದವನಂತೆ ಹೇಳಿದ.

ಅವಳು ಕೋಣೆಗೆ ಹೋಗಿ ಕಂಪ್ಯೂಟರು, ಹೆಡ್‌ಫೋನು, ಗಿಡ್ಡ ಕೇಬಲ್ಲು ತಂದಳು. ಅಡುಗೆಮನೆಯ ಸ್ಟೂಲನ್ನು ಹೊರಬಾಗಿಲ ಪಕ್ಕದ ಶೂ ಕಪಾಟಿನ ಎದುರು ಎಳೆದು ಹಾಕಿದಳು. ಕಪಾಟಿನ ಬಾಗಿಲು ತೆರೆದು, ಕೇಬಲ್ಲನ್ನು ನೇರ ಡಬ್ಬಿಗೆ ಸಿಕ್ಕಿಸಿ, ಕಂಪ್ಯೂಟರನ್ನು ಕಪಾಟಿನ ತಲೆಯ ಮೇಲಿಟ್ಟಳು. ತೆರೆದ ಬಾಗಿಲಿಗೆ ಮೊಣಕಾಲು ಒತ್ತಿ ಕೂತಳು. ಈಗ ಡಬ್ಬಿ ಮುಟ್ಟಬೇಕಾದರೆ ಅವಳನ್ನು ದೂಡಬೇಕು.

"ಹೊರಬಾಗಿಲಲ್ಲಿ ಕೂರ್ತೀಯಾ? ಯಾರಾದ್ರೂ ಬಂದ್ರೆ ಏನಂದ್ಕೋತಾರೆ?"

ಅವಳು ಹೆಡ್‌ಫೋನ್ ಹಾಕಿಕೊಂಡಳು.

ಹನ್ನೊಂದಕ್ಕೆ ಮೇಷ್ಟ್ರ ಕೆಮ್ಮು ಕೇಳಿಸಿತು. 'ಎಲ್ಲರೂ ಇದ್ದೀರಾ' ಎಂದರು. ಅವಳು 'ಎಲ್ಲರೂ ಇದ್ದೀರಾ' ಎಂದು ಹೊಡೆದಳು. ಬೂಟುಗಳ ನಾತ ಮೊಣಕಾಲಿನಿಂದ ಮೇಲೇರಿ ಮೂಗಿಗೆ ಬಡಿಯುತ್ತಿತ್ತು. ಓಡಿಹೋಗಿದ್ದ ಜಿರಲೆಗಳಲ್ಲೊಂದು ಕಂದು ಬೂಟಿನಿಂದ ಹೊರಬಂದು ಮೀಸೆ ಆಡಿಸಿ, ಅವಳ ಪಾದದ ಮೇಲೆ ಇಳಿದು, ನಿಂತು, ಮತ್ತೆ ಹೊರಟಿತು. ಕಾಲು ಕೊಡವಿದರೆ ಬೆರಳು ತಪ್ಪುತ್ತದೆ. ಅವಳು ಕೊಡವಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಭಾವ ಬಂದ. ಅವನು ಎಂದೂ ಗಂಟೆ ಒತ್ತುವವನಲ್ಲ, ಬಾಗಿಲು ತಳ್ಳಿಕೊಂಡೇ ಬರುವವನು. ತಳ್ಳಿದ ಬಾಗಿಲು ಅವಳ ಸ್ಟೂಲಿಗೆ ಬಡಿಯಿತು. ನ್ಯಾಯಾಲಯದಲ್ಲೂ ಈ ಕೆಲಸದಲ್ಲೂ ನಿಯಮ ಒಂದೇ: ಕೇಳಿಸಿದ್ದನ್ನೆಲ್ಲ ಬರೆಯಬೇಕು, ಬರೆಯುವವರ ಕಡೆ ಏನಾದರೂ ಆದರೆ ಕಂಸದಲ್ಲಿ ಹಾಕಬೇಕು. ಅವಳು (ಟೈಪಿಸ್ಟ್ ಕಡೆ ಬಾಗಿಲ ಸದ್ದು) ಎಂದು ಹೊಡೆದು ಮುಂದುವರಿದಳು.

ಭಾವನ ಬಾಯಿ ಅಲ್ಲಾಡುತ್ತಿತ್ತು. ಗಂಡನ ಬಾಯಿಯೂ. ಹೆಡ್‌ಫೋನಿನ ಆಚೆಯಿಂದ ಚೂರುಗಳು ಮಾತ್ರ ತಲುಪಿದವು. "ಮನೆ ಕಾವಲಿಗೆ", "ನಿನ್ನ ಹೆಂಡ್ತಿಗೆ ಒಂದು ಮಾತು". ಅವಳ ಕಿವಿಯ ತುಂಬ ಮೇಷ್ಟ್ರು ಇದ್ದರು. ಯಾರೋ ವಿದ್ಯಾರ್ಥಿ ಮಂಗಳವಾರದ ಪಾಠ ಇನ್ನೊಮ್ಮೆ ಹೇಳಿ ಎಂದಿರಬೇಕು. "ಸರಿ, ಆ ಔಷಧ ಮಕ್ಕಳಿಗೆ ಕೊಡುವಾಗ ಮಾತ್ರ," ಎಂದು ಮೇಷ್ಟ್ರು ಶುರು ಮಾಡಿದರು. ಅದೇ ಹೊತ್ತಿಗೆ ಅವಳ ಭುಜದ ಮೇಲಿಂದ ಉಂಗುರ ತೊಟ್ಟ ಭಾವನ ಕೈ ಕಪಾಟಿನ ಕಡೆ ಇಳಿಯಿತು. ಅವಳು ತಲೆ ಎತ್ತಲಿಲ್ಲ, ಬೆರಳು ನಿಲ್ಲಿಸಲಿಲ್ಲ. ಮೊಣಕಾಲಿನಿಂದ ಬಾಗಿಲನ್ನು ತಳ್ಳಿದಳು, ಅಷ್ಟೆ. ಕಪಾಟಿನ ಬಾಗಿಲು ಆ ಕೈಯನ್ನು ಚೌಕಟ್ಟಿಗೆ ಒತ್ತಿ ಹಿಡಿಯಿತು. ತೂಕದ ಲೆಕ್ಕ, ದಿನಕ್ಕೆಷ್ಟು ಸಲ, ಎಷ್ಟು ದಿನಕ್ಕಿಂತ ಹೆಚ್ಚು ಕೊಡಬಾರದು, ಯಾವ ವಯಸ್ಸಿಗಿಂತ ಕೆಳಗೆ ಮುಟ್ಟಲೇಬಾರದು. ಎಲ್ಲ ಪೂರ್ತಿ ಬರೆದಾದ ಮೇಲೆ ಮೊಣಕಾಲು ಸಡಿಲಿಸಿದಳು. ಕೈ ಹಿಂದಕ್ಕೆ ಹೋಯಿತು. (ಟೈಪಿಸ್ಟ್ ಕಡೆ ಗದ್ದಲ) ಎಂದು ಹೊಡೆದಳು.

ಭಾವ ಬಾಗಿಲು ಬಡಿದು ಹೊರಟುಹೋದ. ಒಂದು ಗಂಟೆಯವರೆಗೆ ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ಹಿತ್ತಿಲಲ್ಲಿ ನಿನ್ನೆಯಿಂದ ಬಿಟ್ಟ ಬಟ್ಟೆ ತಮ್ಮ ಪಾಡಿಗೆ ಹಾರುತ್ತಿದ್ದವು.

ಪಾಠ ಮುಗಿದ ಮೇಲೆ ಹುಡುಗಿಯ ಸಾಲು ಮೂಡಿತು: "ಇವತ್ತು ಒಂದಕ್ಷರವೂ ತಪ್ಪಲಿಲ್ಲ. ಗದ್ದಲ ಯಾರದು?"

"ನೆಂಟರದು," ಎಂದು ಬರೆದು ಮುಚ್ಚಿದಳು.

ಗಂಡ ಇಷ್ಟು ಹೊತ್ತೂ ಹಜಾರದಲ್ಲಿ ಗೋಡೆಗಾತು ನಿಂತೇ ಇದ್ದ. "ಅಣ್ಣನ ಬೆರಳು ಊದಿಕೊಂಡಿರಬೇಕು," ಎಂದ. ಆಮೇಲೆ ಹತ್ತಿರ ಬಂದು, "ಒಂದು ಕೆಲಸ ಮಾಡು. ಕಂಪನಿಯವರೇ ಬಂದು ಬಂದ್ ಮಾಡಿದ್ರು, ಕಾನೂನಂತೆ ಅಂತ ನೀನು ಒಂದು ಫೋನ್ ಮಾಡು. ನೀನು ಹೇಳಿದ್ರೆ ನಂಬ್ತಾನೆ" ಎಂದ.

"ನಿಮ್ಮ ಅಣ್ಣ. ನೀವೇ ಹೋಗಿ ಹೇಳಿ. ನನ್ನ ಹೆಂಡ್ತೀನ ನೀನು ನೋಡ್ತಿದ್ದೆ, ನಾನೂ ನೋಡ್ತಿದ್ದೆ, ಅವಳಿಗೆ ಅಸಹ್ಯ ಆಯ್ತು, ಕಿತ್ತು ಹಾಕಿದಳು ಅಂತ."

"ಹಾಗೆಲ್ಲ ಹೇಳೋಕಾಗತ್ತಾ?"

"ನಾನು ಈಗ ಹೇಳಿದೆನಲ್ಲ."

ಅವನು ಚಪ್ಪಲಿ ಮೆಟ್ಟಿ ಹೋದ. ಅವಳು ಕಪಾಟಿನಿಂದ ಬೂಟುಗಳನ್ನು ಎರಡು ಬೆರಳಲ್ಲಿ ಹಿಡಿದು ಒಂದೊಂದಾಗಿ ಹೊರಗಿನ ಮೆಟ್ಟಿಲ ಮೇಲೆ ತಂದಿಟ್ಟಳು. ನಾಳೆಯಿಂದ ಮೇಜು ಇಲ್ಲೇ ಇರುತ್ತದೆ. ಅವನ ಹಾಸಿಗೆ ಹಜಾರಕ್ಕೆ ಬರಲಿ, ಅಥವಾ ಅಣ್ಣನ ಮನೆಗೆ ಹೋಗಲಿ. ಎರಡನ್ನೂ ಹೇಳಲು ಬಾಯಿಗೆ ಮಾತು ಸಿದ್ಧವಾಗಿತ್ತು. ಅವನು ವಾಪಸು ಬರುವುದಷ್ಟೇ ಬಾಕಿ.

ಕೊನೆಯ ಜೋಡಿಯನ್ನು ಇಡುವಾಗ ತಲೆ ಎತ್ತಿದಳು. ಗಂಡ ಅಣ್ಣನ ಗೇಟಿನ ಮುಂದೆ ನಿಂತಿದ್ದ. ಒಳಗೆ ಹೋಗಿರಲಿಲ್ಲ. ಗೇಟಿನ ಕಂಬದ ಮೇಲಿದ್ದ ಕ್ಯಾಮೆರಾದ ಕಡೆ ಮುಖ ಎತ್ತಿ, ಅಂಗೈಯಿಂದ ಹೊಸ ಕ್ಷೌರದ ತಲೆ ಸವರಿಕೊಂಡು, ಅಣ್ಣ ಒಳಗಿಂದ ನೋಡುತ್ತಿದ್ದಾನೆ ಎಂಬಂತೆ ನಕ್ಕು ಕೈ ಎತ್ತಿದ. ಉತ್ತರಕ್ಕೆ ಕಾದ. ಆ ಕ್ಯಾಮೆರಾ ಸತ್ತು ಮೂರು ಗಂಟೆಯಾಗಿತ್ತು. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಆದರೂ ಇನ್ನೊಮ್ಮೆ ನಕ್ಕ, ಇನ್ನಷ್ಟು ಅಗಲವಾಗಿ.

ಅವಳಿಗೆ ಬಾಯಿಯಲ್ಲಿ ಹುಳಿ ನೀರು ಬಂತು. ಮೆಟ್ಟಿಲ ಪಕ್ಕ ಬಗ್ಗಿ ಉಗಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.